ಕಿಣ್ವಲೋಪವೂ ನರಸಂಧಿಯ ಸಂಸ್ಕಾರವೂ

ವ್ಯಾಕರಣವನ್ನು ಪಾಠ ಹೇಳುವವರಿಗೆ ಸಂಧಿಯೆಂಬ ಶಬ್ದವು ನಿತ್ಯಪರಿಚಿತವಾದುದು. ಎರಡು ವರ್ಣಗಳು ನಡುವೆ ಕಾಲದ ವ್ಯವಧಾನವಿಲ್ಲದೆ ಕೂಡಿದರೆ ಅದು ಸಂಧಿ. ಶರೀರಶಾಸ್ತ್ರಜ್ಞರು ನರತಂತುಗಳ ವಿಷಯದಲ್ಲಿ ಹೇಳುವ ಸಂಧಿಯು ಇದಕ್ಕಿಂತ ತುಸು ವಿಲಕ್ಷಣವಾದುದು. ಒಂದು ನರಕೋಶದ ತುದಿಯು ಇನ್ನೊಂದರ ಮೈಯ ಸಮೀಪಕ್ಕೆ ಬಂದು, ಮುಟ್ಟಿತೆನ್ನುವಷ್ಟು ಹತ್ತಿರವಾಗಿ, ಆದರೂ ಮುಟ್ಟದೆ, ಒಂದು ಮಿಲಿಮೀಟರಿನ ಐವತ್ತು ಸಾವಿರದಲ್ಲೊಂದು ಪಾಲಿನಷ್ಟು ಎಡೆಯನ್ನು ಬಿಟ್ಟು ನಿಲ್ಲುತ್ತದೆ. ಮೊದಲ ಕೋಶದಲ್ಲಿ ಹರಿದುಬಂದ ವಿದ್ಯುತ್ಸ್ಪಂದನವು ಸಾಮಾನ್ಯವಾಗಿ ಈ ಎಡೆಯನ್ನು ತಾನೇ ದಾಟುವುದಿಲ್ಲ. ತುದಿಯಿಂದ ಸ್ರವಿಸುವ ರಸದ್ರವ್ಯವೊಂದು ದಾಟಿ, ಎದುರುಬದಿಯ ಗ್ರಾಹಕಗಳನ್ನು ಸೇರಿ, ಅಲ್ಲಿ ಹೊಸ ಸ್ಪಂದನವನ್ನು ಹುಟ್ಟಿಸುತ್ತದೆ. ೧೮೯೭ರಲ್ಲಿ ಶೆರಿಂಗ್ಟನ್ ಎಂಬ ಆಂಗ್ಲ ಶಾಸ್ತ್ರಜ್ಞನು ಈ ಸ್ಥಾನಕ್ಕೆ ಗ್ರೀಕ್ ಭಾಷೆಯಿಂದ ‘ಸಿನ್ಯಾಪ್ಸ್’ ಎಂಬ ಹೆಸರನ್ನು ಕೊಟ್ಟನು. ಒಂದನ್ನೊಂದು ಹಿಡಿದುಕೊಳ್ಳುವುದೆಂಬುದು ಅದರ ಅರ್ಥ. ವ್ಯವಧಾನವುಂಟೋ ಇಲ್ಲವೋ ಎಂಬುದೇ ಆ ಕಾಲದ ದೊಡ್ಡ ವಿವಾದವಾಗಿದ್ದಿತು. ನರಗಳೆಲ್ಲವೂ ಒಂದೇ ಅಖಂಡಜಾಲವೆಂದು ಇಟಲಿಯ ಗಾಲ್ಜಿಯೂ, ಬಿಡಿಬಿಡಿಯಾದ ಕೋಶಗಳೆಂದು ಸ್ಪೇನಿನ ಕಹಾಲನೂ ವಾದಿಸಿದರು. ೧೯೦೬ರಲ್ಲಿ ನೊಬೆಲ್ ಪಾರಿತೋಷಕವನ್ನು ಇಬ್ಬರಿಗೂ ಹಂಚಿಕೊಟ್ಟುದು ಶಾಸ್ತ್ರೇತಿಹಾಸದ ಒಂದು ವಿನೋದ. ಕಹಾಲನ ಪಕ್ಷವೇ ಸರಿಯೆಂಬುದು ೧೯೫೦ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಆ ಎಡೆಯನ್ನು ಕಣ್ಣಿಗೆ ಕಾಣಿಸಿದ ಮೇಲೆ ನಿಸ್ಸಂಶಯವಾಯಿತು. ಪ್ರಕೃತ ಲೇಖನದಲ್ಲಿ ಇದನ್ನು ನರಸಂಧಿಯೆಂದು ಕರೆಯಲಾಗಿದೆ.

ನರಸಂಧಿಯು ಸದಾ ಒಂದೇ ಪ್ರಕಾರವಾಗಿ ಇರತಕ್ಕುದಲ್ಲ. ಬಳಕೆಯಿಂದ ಬಲಿಯುತ್ತದೆ, ಇನ್ನೊಂದು ಬಗೆಯ ಬಳಕೆಯಿಂದ ಸಡಿಲುತ್ತದೆ. ಹೀಗಾದ ಬದಲಾವಣೆಯು ನಿಲ್ಲುತ್ತದೆ. ಈ ಗುಣಕ್ಕೆ ಪ್ಲಾಸ್ಟಿಸಿಟಿಯೆಂದು ಹೆಸರು. ಇದನ್ನು ಸ್ಥಿತಿಸ್ಥಾಪಕತ್ವವೆಂದು ಭಾಷಾಂತರಿಸಹೊರಟರೆ ಅರ್ಥವೇ ತಲೆಕೆಳಗಾಗುತ್ತದೆ. ತರ್ಕಸಂಗ್ರಹವನ್ನು ಓದಿದವರು ಬಲ್ಲಂತೆ ಸಂಸ್ಕಾರವು ವೇಗ, ಭಾವನೆ, ಸ್ಥಿತಿಸ್ಥಾಪಕವೆಂದು ಮೂರು ಬಗೆ. ಬಗ್ಗಿಸಿ ಬಿಟ್ಟ ಬಿದಿರು ಮೊದಲಿನ ನಿಲುವಿಗೆ ಮರಳುವುದು ಸ್ಥಿತಿಸ್ಥಾಪಕ. ಅನುಭವದಿಂದ ಹುಟ್ಟಿ ಸ್ಮೃತಿಗೆ ಕಾರಣವಾಗುವುದು ಭಾವನೆ. ನರಸಂಧಿಯ ಗುಣವು ಎರಡನೆಯದನ್ನು ಹೋಲುವುದೇ ಹೊರತು ಮೂರನೆಯದನ್ನಲ್ಲ. ಗೊಳಸಂಗಿ, ಬಸವನ ಬಾಗೇವಾಡಿಗಳ ಕಡೆಯ ಎರೆಭೂಮಿಯನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಳೆಯಲ್ಲಿ ನೆನೆದ ಎರೆಯ ಮೇಲೆ ಚಕ್ಕಡಿ ಹೋದರೆ ಗಾಲಿಯ ಜಾಡು ಮೂಡುತ್ತದೆ. ಬಿಸಿಲಿಗೆ ಒಣಗಿದ ಮೇಲೂ ಅದು ಅಳಿಯದೆ ಉಳಿದು, ಮುಂದೆ ಬರುವ ಗಾಡಿಯನ್ನು ತನ್ನೊಳಕ್ಕೇ ಎಳೆದುಕೊಳ್ಳುತ್ತದೆ. ಹೀಗೆ ರೂಪವನ್ನು ತಳೆದು ಉಳಿಸಿಕೊಳ್ಳುವುದಕ್ಕೆ ‘ಸುನಮ್ಯತೆ’ಯೆಂಬ ಶಬ್ದವು ಒಪ್ಪುತ್ತದೆ. ಒಂದು ಭೇದವನ್ನು ಮಾತ್ರ ಮರೆಯಲಾಗದು. ನೈಯಾಯಿಕರ ಮತದಲ್ಲಿ ಭಾವನಾಸಂಸ್ಕಾರಕ್ಕೆ ಆತ್ಮವು ಆಶ್ರಯ. ಇಂದಿನ ಶಾಸ್ತ್ರಜ್ಞರು ಹೇಳುವ ಸಂಸ್ಕಾರಕ್ಕೆ ಈ ಸಂಧಿಯೇ ಆಶ್ರಯ.

ಕೂಡಿ ಸ್ಪಂದಿಸುವ ಕೋಶಗಳ ನಡುವಣ ಸಂಬಂಧವು ದೃಢವಾಗುತ್ತದೆಂದು ಕೆನಡಾದ ಡೊನಾಲ್ಡ್ ಹೆಬ್ ೧೯೪೯ರಲ್ಲಿ ಊಹಿಸಿದನು. ಅದು ಬರಿಯ ಊಹೆ. ೧೯೭೩ರಲ್ಲಿ ಬ್ಲಿಸ್, ಲೋಮೋ ಎಂಬಿಬ್ಬರು ನಾರ್ವೆಯ ಓಸ್ಲೋ ನಗರದಲ್ಲಿ ತಾವು ಮೊಲಗಳ ಮೇಲೆ ನಡೆಯಿಸಿದ ಪ್ರಯೋಗವನ್ನು ಪ್ರಕಟಿಸಿದರು. ಮಿದುಳಿನ ಹಿಪ್ಪೋಕ್ಯಾಂಪಸ್ ಎಂಬ ಭಾಗದಲ್ಲಿ ನರತಂತುಗಳನ್ನು ಕೆಲವು ಕ್ಷಣಗಳ ಕಾಲ ವೇಗವಾಗಿ ಉದ್ದೀಪನಗೊಳಿಸಿದರೆ, ಅನಂತರ ಗಂಟೆಗಟ್ಟಲೆ ಅಲ್ಲಿನ ಸಂಧಿಗಳು ಅದೇ ಸಂಕೇತಕ್ಕೆ ಮೊದಲಿಗಿಂತ ಹೆಚ್ಚು ಬಲವಾಗಿ ಉತ್ತರ ಕೊಡುತ್ತಿದ್ದುವು. ಇದು ದೀರ್ಘಕಾಲಿಕ ಪ್ರಬಲೀಕರಣ. ಇದಕ್ಕೆ ವಿರುದ್ಧವಾದ ದುರ್ಬಲೀಕರಣವೂ ತರುವಾಯ ಸಿದ್ಧವಾಯಿತು. ಆದರೆ ಇಂಥ ಪ್ರಬಲೀಕರಣವು ನಡೆಯುತ್ತದೆಂಬುದು ಬೇರೆ, ಪ್ರಾಣಿಯು ಕಲಿಯುವುದು ಇದರಿಂದಲೇ ಎಂಬುದು ಬೇರೆ. ಇವೆರಡರ ನಡುವೆ ಕಾರ್ಯಕಾರಣಭಾವವನ್ನು ಸಾಧಿಸುವುದಕ್ಕೆ ವ್ಯತಿರೇಕವು ಬೇಕಾಗಿದ್ದಿತು: ಪ್ರಬಲೀಕರಣವನ್ನು ನಡೆಯಿಸುವ ಸಾಧನವನ್ನು ತೆಗೆದರೆ ಕಲಿಕೆಯೂ ಇಲ್ಲವಾಗುತ್ತದೆಯೇ?

ಆ ಸಾಧನವೇ ಕಿಣ್ವ. ಈ ಶಬ್ದವು ಹೊಸತಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣದಲ್ಲಿ ಮದ್ಯವನ್ನು ಹುಳಿಯೇರಿಸುವ ದ್ರವ್ಯಕ್ಕೆ ಕಿಣ್ವವೆಂದು ಹೆಸರಿದೆ. ಪಾಶ್ಚಾತ್ಯರ ‘ಎನ್‌ಜೈಮ್’ ಎಂಬ ಶಬ್ದಕ್ಕೂ ಗ್ರೀಕ್ ಮೂಲದಲ್ಲಿ ಹುದುಗಿನೊಳಗಿರುವುದು ಎಂದೇ ಅರ್ಥ. ಎರಡು ಭಾಷೆಗಳು ಬೇರೆಬೇರೆ ದಾರಿಯಲ್ಲಿ ಒಂದೇ ಗಡಿಗೆಯ ಬಳಿಗೆ ಬಂದುವೆನ್ನಬಹುದು. ಕಿಣ್ವಾದಿಗಳಿಂದ ಮದಶಕ್ತಿ ಹುಟ್ಟುವಂತೆ ಭೂತಗಳ ಸಂಯೋಗದಿಂದ ಚೈತನ್ಯವು ಹುಟ್ಟುತ್ತದೆಂದು ಚಾರ್ವಾಕರು ಹೇಳಿದುದೂ ವಿದ್ವಾಂಸರಿಗೆ ತಿಳಿದ ವಿಷಯವೇ. ಆದಕಾರಣ, ಕಿಣ್ವವು ಇಲ್ಲದಿದ್ದರೆ ನೆನಪೂ ಇಲ್ಲವೆಂಬ ಮಾತು ಕಿವಿಗೆ ಬಿದ್ದೊಡನೆ ಇದು ಚಾರ್ವಾಕಮತದ ಪುನರುಜ್ಜೀವನವೆಂದು ಶಂಕಿಸುವವರು ಇರಬಹುದು. ಆ ಶಂಕೆಗೆ ಇಲ್ಲಿ ಅವಕಾಶವಿಲ್ಲ. ದೀಪವು ನಂದಿದರೆ ಅಕ್ಷರವು ಕಾಣದು. ಅಷ್ಟರಿಂದ ದೀಪವೇ ಓದುತ್ತಿತ್ತೆಂದು ಸಿದ್ಧವಾಗುವುದಿಲ್ಲ. ಪ್ರಯೋಗಶಾಲೆಯವರು ಕೇಳಿದ ಪ್ರಶ್ನೆ ಇದಕ್ಕಿಂತ ಚಿಕ್ಕದು, ಚಿಕ್ಕದಾದುದರಿಂದಲೇ ಉತ್ತರಕ್ಕೆ ಸಿಕ್ಕತಕ್ಕುದು.

ಜೀವಕೋಶದಲ್ಲಿ ನಡೆಯುವ ರಸಕ್ರಿಯೆಗಳನ್ನು ತಾನು ವ್ಯಯವಾಗದೆ ತ್ವರೆಗೊಳಿಸುವ ಪ್ರೋಟೀನುಗಳು ಕಿಣ್ವಗಳು. ಇವುಗಳಲ್ಲಿ ಕೈನೇಸ್ ಎಂಬ ಜಾತಿಯವು ಬೇರೆ ಪ್ರೋಟೀನುಗಳಿಗೆ ಫಾಸ್ಫೇಟಿನ ತುಣುಕೊಂದನ್ನು ಅಂಟಿಸಿ ಅವುಗಳ ಸ್ವಭಾವವನ್ನು ಬದಲಿಸುತ್ತವೆ. ಪ್ರತ್ಯಯವು ಹತ್ತಿದ ಪ್ರಕೃತಿಯು ವಾಕ್ಯದಲ್ಲಿ ಬೇರೆ ಕೆಲಸಕ್ಕೆ ಒದಗುವಂತೆ ಎಂದರೆ ಹೋಲಿಕೆ ದೂರವಾಗದು. ನರಸಂಧಿಯ ಗ್ರಾಹಕಬದಿಯಲ್ಲಿ ಹೇರಳವಾಗಿರುವ ಒಂದು ಕೈನೇಸಿಗೆ ಕ್ಯಾಮ್‌ಕೈನೇಸ್-೨ ಎಂದು ಸಂಕ್ಷಿಪ್ತನಾಮ. ಸಂಧಿಯು ಬಲವಾಗಿ ಉದ್ದೀಪನಗೊಂಡಾಗ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ. ಅದು ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನನ್ನು ಕೂಡಿ ಈ ಕಿಣ್ವವನ್ನು ಎಬ್ಬಿಸುತ್ತದೆ. ಹನ್ನೆರಡು ಅಂಗಗಳು ಚಕ್ರದಂತೆ ಕೂಡಿ ಆದ ಈ ಕಿಣ್ವದ ವಿಶೇಷವೇನೆಂದರೆ, ಎದ್ದ ಒಂದು ಅಂಗವು ತನ್ನ ನೆರೆಯ ಅಂಗಕ್ಕೆ ಫಾಸ್ಫೇಟನ್ನು ಅಂಟಿಸುತ್ತದೆ. ಹಾಗೆ ಅಂಟಿದ ಮೇಲೆ ಕ್ಯಾಲ್ಸಿಯಂ ಹಿಂದಿರುಗಿದರೂ ಕಿಣ್ವವು ಸ್ವಲ್ಪ ಕಾಲ ಎಚ್ಚತ್ತೇ ಇರುತ್ತದೆ. ನಿಮಿತ್ತವು ನಿವೃತ್ತವಾದರೂ ನೈಮಿತ್ತಿಕವು ಉಳಿಯಿತು. ಎಂದರೆ ಈ ಅಣುವಿನಲ್ಲಿಯೇ ಒಂದು ಬಗೆಯ ನೆನಪು ಇದ್ದಂತಾಯಿತು.

ಮುಂದಿನ ಪ್ರಯೋಗಗಳನ್ನು ಅರಿಯಲು ವೈಯಾಕರಣರ ಲೋಪ, ಆದೇಶ, ಆಗಮಗಳೆಂಬ ಮೂರು ಸಂಜ್ಞೆಗಳೇ ಸಾಕು. ಪ್ರಾಣಿಯ ವಂಶವಾಹಿಯೆಂಬುದು ಪ್ರೋಟೀನುಗಳನ್ನು ರಚಿಸುವ ಲಿಪಿಯಾದ್ದರಿಂದ ಅದನ್ನು ತಿದ್ದುವವರಿಗೂ ಇರುವ ಉಪಾಯಗಳು ಇವೇ.

ಮೊದಲನೆಯದು ಲೋಪ. ಇಲಿಯ ಭ್ರೂಣದಿಂದ ತೆಗೆದ ಮೂಲಕೋಶಗಳಲ್ಲಿ ಇಷ್ಟವಾದ ಒಂದು ವಂಶವಾಹಿಯನ್ನು ಕೆಡಿಸಿ, ಆ ಕೋಶಗಳಿಂದ ಇಲಿಯ ಸಂತತಿಯನ್ನು ಬೆಳೆಯಿಸುವ ವಿದ್ಯೆಯು ೧೯೮೦ರ ದಶಕದಲ್ಲಿ ಸಿದ್ಧಿಸಿತು. ಇದಕ್ಕಾಗಿ ಕಪೆಕ್ಕಿ, ಎವನ್ಸ್, ಸ್ಮಿಥೀಸ್ ಎಂಬ ಮೂವರಿಗೆ ೨೦೦೭ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ೧೯೯೨ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾಸಂಸ್ಥೆಯಲ್ಲಿ ಸುಸುಮು ಟೊನೆಗಾವನ ಶಾಲೆಯ ಆಲ್ಸಿನೋ ಸಿಲ್ವ ಮೊದಲಾದವರು ಕ್ಯಾಮ್‌ಕೈನೇಸಿನ ಆಲ್ಫಾ ಅಂಗವಿಲ್ಲದ ಇಲಿಗಳನ್ನು ಪಡೆದರು. ಅವುಗಳ ಹಿಪ್ಪೋಕ್ಯಾಂಪಸ್ಸಿನಲ್ಲಿ ಸಂಕೇತಗಳ ಸಾಮಾನ್ಯ ಸಂಚಾರವು ಬಹುಮಟ್ಟಿಗೆ ಸರಿಯಾಗಿಯೇ ಇದ್ದಿತು. ಆದರೆ ದೀರ್ಘಕಾಲಿಕ ಪ್ರಬಲೀಕರಣವು ಬಹುಪಾಲು ಕಾಣೆಯಾಗಿದ್ದಿತು. ಇಲಿಗಳ ಕಲಿಕೆಯನ್ನು ಪರೀಕ್ಷಿಸಲು ರಿಚರ್ಡ್ ಮಾರಿಸನ ಜಲಕುಂಡವೆಂಬ ಒಂದು ವಿಧಾನವುಂಟು. ಕದಡಿದ ನೀರು ತುಂಬಿದ ದುಂಡನೆಯ ತೊಟ್ಟಿಯಲ್ಲಿ ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಒಂದು ಚಿಕ್ಕ ಕಟ್ಟೆಯನ್ನು ಮರೆಯಾಗಿ ಇಟ್ಟಿರುತ್ತಾರೆ. ಈಜುವ ಇಲಿಯು ಕೋಣೆಯ ಗೋಡೆಗಳಲ್ಲಿರುವ ಗುರುತುಗಳನ್ನು ನೋಡಿ, ದಿನದಿನದ ಅಭ್ಯಾಸದಿಂದ ಆ ಕಟ್ಟೆಯ ಸ್ಥಾನವನ್ನು ನೆನಪಿಡಬೇಕು. ಕಿಣ್ವಲೋಪದ ಇಲಿಗಳು ಇದರಲ್ಲಿ ಸೋತುವು. ಅದೇ ವರ್ಷ ಎರಿಕ್ ಕ್ಯಾಂಡೆಲ್ಲನ ಪಂಗಡದವರು ಫಿನ್ ಎಂಬ ಬೇರೊಂದು ಕೈನೇಸನ್ನು ಲೋಪಗೊಳಿಸಿ ಪ್ರಬಲೀಕರಣದಲ್ಲಿಯೂ ಕಲಿಕೆಯಲ್ಲಿಯೂ ಕುಂದನ್ನು ಕಂಡರು.

ವ್ಯತಿರೇಕವು ಸಿದ್ಧಿಸಿತೆನ್ನುವುದಕ್ಕೆ ಮೊದಲು ಪೂರ್ವಪಕ್ಷಿಯು ಎರಡು ಆಕ್ಷೇಪಗಳನ್ನು ಮಾಡಬಹುದು. ಇಲಿಯು ಗರ್ಭದಲ್ಲಿದ್ದಾಗಲೇ ಕಿಣ್ವವು ಇಲ್ಲವಾಗಿರುವುದರಿಂದ ಮಿದುಳು ಬೆಳೆಯುವಾಗಲೇ ಕೆಟ್ಟಿರಬಹುದು. ಹಾಗಾದರೆ ಕಲಿಯುವ ಹೊತ್ತಿನಲ್ಲಿ ಕಿಣ್ವವಿಲ್ಲದುದು ಅನ್ಯಥಾಸಿದ್ಧ. ಅಲ್ಲದೆ, ಆ ಪ್ರೋಟೀನು ಸಂಧಿಗೆ ಕಿಣ್ವವಾಗಿಯಲ್ಲದೆ ಕಂಬದಂತೆ ಆಧಾರವಾಗಿಯೂ ಇರಬಹುದು. ಅದನ್ನು ತೆಗೆದುದರಿಂದ ಮಾಡು ಕುಸಿದರೆ ಯಾವ ಕೆಲಸವು ನಿಂತುದರಿಂದ ಕುಸಿಯಿತೆಂದು ಹೇಳಲಾಗದು. ಎರಡನೆಯ ಆಕ್ಷೇಪಕ್ಕೆ ೧೯೯೮ರಲ್ಲಿ ಗೀಸೆ, ಸಿಲ್ವ ಮುಂತಾದವರು ಕೊಟ್ಟ ಉತ್ತರವು ಅತ್ಯಂತ ಸುಂದರವಾದುದು. ಅವರು ಲೋಪವನ್ನು ಬಿಟ್ಟು ಆದೇಶವನ್ನು ಹಿಡಿದರು. ಕಿಣ್ವದ ಅಮೈನೋ ಆಮ್ಲಗಳ ಸಾಲಿನಲ್ಲಿ ೨೮೬ನೆಯ ಸ್ಥಾನದಲ್ಲಿರುವ ಥ್ರಿಯೋನಿನ್ನಿಗೆ ಬದಲಾಗಿ ಅಲನಿನ್ ಬರುವಂತೆ ಲಿಪಿಯನ್ನು ತಿದ್ದಿದರು. ಫಾಸ್ಫೇಟು ಅಂಟತಕ್ಕ ಸ್ಥಾನವೇ ಅದು. ಅಲನಿನ್ನಿಗೆ ಫಾಸ್ಫೇಟು ಅಂಟದು. ಹೀಗಾಗಿ ಕಿಣ್ವವು ಇದ್ದಲ್ಲಿಯೇ ಇದೆ, ಕ್ಯಾಲ್ಸಿಯಂ ಬಂದಾಗ ಏಳುತ್ತದೆ. ಕ್ಯಾಲ್ಸಿಯಂ ಹೋದ ಮೇಲೆ ಎಚ್ಚತ್ತಿರುವ ಶಕ್ತಿಯೊಂದು ಮಾತ್ರ ಇಲ್ಲ. ಆದರೂ ಆ ಇಲಿಗಳ ಹಿಪ್ಪೋಕ್ಯಾಂಪಸ್ಸಿನಲ್ಲಿ ಪ್ರಬಲೀಕರಣವು ಹುಟ್ಟಲಿಲ್ಲ, ಜಲಕುಂಡದಲ್ಲಿ ಸ್ಥಾನವನ್ನು ಅವು ಕಲಿಯಲಿಲ್ಲ. ಒಂದು ಸಂಪುಟದಷ್ಟು ದೀರ್ಘವಾದ ಬರೆಹದಲ್ಲಿ ಒಂದಕ್ಷರವನ್ನು ತಿದ್ದಿದುದರಿಂದ ಆದ ಅರ್ಥಭೇದವಿದು. ದ್ರವ್ಯಮಾತ್ರವು ಕಾರಣವಲ್ಲ, ವ್ಯಾಪಾರವಿಶಿಷ್ಟವಾದ ದ್ರವ್ಯವೇ ಕಾರಣವೆಂಬ ನಮ್ಮ ತಾರ್ಕಿಕರ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ದೊರೆಯುವುದು ಕಷ್ಟ.

ಎಲ್ಲ ಕಿಣ್ವಗಳ ವಿಷಯದಲ್ಲಿಯೂ ಇಷ್ಟು ಸುಲಭವಾಗಿ ನಿರ್ಣಯವಾಗಲಿಲ್ಲ. ಪಿ.ಕೆ.ಎಂ.-ಝೀಟ ಎಂಬ ಇನ್ನೊಂದು ಕೈನೇಸಿನ ಕಥೆಯು ವ್ಯತಿರೇಕವನ್ನು ಅವಸರದಿಂದ ನಂಬುವವರಿಗೆ ತಕ್ಕ ಪಾಠ. ಈ ಕಿಣ್ವವನ್ನು ತಡೆಯಲು ರಚಿಸಿದ ಔಷಧವೊಂದನ್ನು ಹಿಪ್ಪೋಕ್ಯಾಂಪಸ್ಸಿನೊಳಕ್ಕೆ ಬಿಟ್ಟರೆ ಇಲಿಗಳು ಮೊದಲೇ ಕಲಿತಿದ್ದ ಸ್ಥಳಜ್ಞಾನವು ಅಳಿಸಿಹೋಗುತ್ತದೆಂದು ೨೦೦೬ರಲ್ಲಿ ಪ್ರಕಟವಾಯಿತು. ನೆನಪನ್ನು ಕಾಪಾಡುವ ಕಿಣ್ವವೇ ಸಿಕ್ಕಿತೆಂದು ಅನೇಕರು ಹಿಗ್ಗಿದರು. ೨೦೧೩ರಲ್ಲಿ ಎರಡು ಬೇರೆಬೇರೆ ಪಂಗಡದವರು ಆ ಕಿಣ್ವವನ್ನು ಹುಟ್ಟಿನಿಂದಲೇ ಲೋಪಗೊಳಿಸಿದ ಇಲಿಗಳನ್ನು ಪರೀಕ್ಷಿಸಿದರು. ಪ್ರಬಲೀಕರಣವೂ ಇದ್ದಿತು, ನೆನಪೂ ಇದ್ದಿತು. ವಿಚಿತ್ರವೆಂದರೆ ಕಿಣ್ವವೇ ಇಲ್ಲದ ಆ ಇಲಿಗಳಲ್ಲಿಯೂ ಹಿಂದಿನ ಔಷಧವು ನೆನಪನ್ನು ಅಳಿಸಿತು. ಕಾರಣವಿಲ್ಲದೆ ಕಾರ್ಯವು ಕಂಡುಬಂದುದರಿಂದ ಇದು ಸ್ಪಷ್ಟವಾದ ವ್ಯತಿರೇಕವ್ಯಭಿಚಾರ. ಆದರೆ ೨೦೧೬ರಲ್ಲಿ ಮೊದಲಿನ ಪಕ್ಷದವರು ಸಮಾಧಾನ ಹೇಳಿದರು: ಹುಟ್ಟಿನಿಂದ ಇಲ್ಲದ ಕಿಣ್ವದ ಸ್ಥಾನವನ್ನು ಅದರ ಸಹೋದರಪ್ರಾಯವಾದ ಬೇರೊಂದು ಕೈನೇಸು ತುಂಬಿಕೊಂಡಿದೆ, ಔಷಧವು ಅದನ್ನೂ ತಡೆಯುತ್ತದೆ. ಯಜ್ಞದಲ್ಲಿ ವಿಹಿತದ್ರವ್ಯವು ಸಿಕ್ಕದಿದ್ದರೆ ಪ್ರತಿನಿಧಿಯನ್ನು ಗ್ರಹಿಸುವಂತೆ ಜೀವವೂ ಪ್ರತಿನಿಧಿಯನ್ನು ಗ್ರಹಿಸುತ್ತದೆಂದು ಇದರ ತಾತ್ಪರ್ಯ. ಈ ಸಮಾಧಾನವನ್ನು ಎಲ್ಲರೂ ಒಪ್ಪಿಲ್ಲ. ಒಪ್ಪಿದರೂ ಬಿಟ್ಟರೂ, ಲೋಪದ ಪ್ರಯೋಗದಲ್ಲಿ ಫಲವು ಕಾಣದಿದ್ದಾಗ ಕಿಣ್ವವು ನಿಷ್ಪ್ರಯೋಜಕವೆಂದು ಸಿದ್ಧವಾಗುವುದಿಲ್ಲವೆಂಬುದಂತೂ ನಿಂತಿತು.

ಇನ್ನು ಆಗಮ. ಈ ವಿಷಯದಲ್ಲಿ ಬೆಂಗಳೂರಿನ ವಿದ್ವಾಂಸರ ಪಾಲೂ ಉಂಟು. ಟೊನೆಗಾವನ ಶಾಲೆಯಲ್ಲಿ ಮನ್ಸೂವೋ ಹಯಾಶಿ ಮೊದಲಾದವರು ನಡೆಯಿಸಿದ, ೨೦೦೪ರಲ್ಲಿಯೂ ೨೦೦೭ರಲ್ಲಿಯೂ ಪ್ರಕಟವಾದ ಎರಡು ಪ್ರಬಂಧಗಳ ಕರ್ತೃಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ, ಎಂದರೆ ನಿಮ್ಹಾನ್ಸಿನ, ಬಿ. ಎಸ್. ಶಂಕರನಾರಾಯಣ ರಾವ್ ಅವರೂ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿಯವರೂ ಇದ್ದಾರೆ. ಅವರು ವಿಚಾರಿಸಿದುದು ಪ್ಯಾಕ್ ಎಂಬ ಕೈನೇಸನ್ನು ಕುರಿತು. ನರಕೋಶದ ಕೊಂಬೆಗಳ ಮೇಲೆ ಮುಳ್ಳಿನಂತೆ ಎದ್ದಿರುವ ಸಣ್ಣ ಚಾಚುಗಳು ಗ್ರಾಹಕಬದಿಯ ಸಂಧಿಸ್ಥಾನಗಳು. ಅವುಗಳ ಒಳಗಿನ ಆಕ್ಟಿನ್ ಎಂಬ ಹಂದರವನ್ನು ಕಟ್ಟಿ ಬಿಚ್ಚುವ ಕಾರ್ಯದಲ್ಲಿ ಪ್ಯಾಕ್ ಕಿಣ್ವವು ಅಧಿಕಾರಿ. ಈ ಕುಟುಂಬದ ಮೂರನೆಯ ಕಿಣ್ವದ ವಂಶವಾಹಿಯು ಕೆಟ್ಟರೆ ಮನುಷ್ಯರಲ್ಲಿ ಬುದ್ಧಿಮಾಂದ್ಯವಾಗುತ್ತದೆಂದು ೧೯೯೮ರಲ್ಲಿಯೇ ತಿಳಿದಿದ್ದಿತು. ಹಯಾಶಿ ಮೊದಲಾದವರು ಕಿಣ್ವವನ್ನು ತೆಗೆಯಲಿಲ್ಲ. ಅದನ್ನು ತಡೆಯುವ ತುಣುಕೊಂದನ್ನು ಹುಟ್ಟಿಸುವ ಹೊಸ ವಂಶವಾಹಿಯನ್ನು ಇಲಿಯಲ್ಲಿ ಸೇರಿಸಿದರು. ಬಂದ ಅಕ್ಷರವು ಇದ್ದ ಅಕ್ಷರವನ್ನು ಮೌನಗೊಳಿಸಿದಂತೆ. ಆ ವಂಶವಾಹಿಯು ಮಿದುಳಿನ ಮುಂಭಾಗದಲ್ಲಿ ಮಾತ್ರ, ಅದೂ ಹುಟ್ಟಿದ ಬಳಿಕ ಮಾತ್ರ, ಕೆಲಸಮಾಡುವಂತೆ ಏರ್ಪಡಿಸಿದ್ದರು. ಹಿಂದೆ ಹೇಳಿದ ಮೊದಲನೆಯ ಆಕ್ಷೇಪಕ್ಕೆ ಬಹುಮಟ್ಟಿನ ಪರಿಹಾರವು ಇಲ್ಲಿ ದೊರೆಯುತ್ತದೆ.

ಫಲವು ಎಣಿಸಿದಂತೆ ಸರಳವಾಗಿರಲಿಲ್ಲ. ಕಿಣ್ವದ ಶಕ್ತಿಯು ಕುಗ್ಗಿದ ಈ ಇಲಿಗಳ ಮಿದುಳಿನ ಹೊರಪದರದಲ್ಲಿ ಮುಳ್ಳುಗಳ ಸಂಖ್ಯೆಯು ಕಡಮೆಯಾಯಿತು, ದೊಡ್ಡ ಸಂಧಿಗಳ ಪ್ರಮಾಣವು ಹೆಚ್ಚಿತು. ಪ್ರಬಲೀಕರಣವು ತಗ್ಗುವುದರ ಬದಲು ಏರಿತು, ದುರ್ಬಲೀಕರಣವು ತಗ್ಗಿತು. ಹಿಪ್ಪೋಕ್ಯಾಂಪಸ್ಸಿನ ಸಂಧಿಗಳು ಯಥಾಸ್ಥಿತಿಯಲ್ಲಿದ್ದುವು. ಪ್ರಬಲೀಕರಣವೇ ಕಲಿಕೆಯಾಗಿದ್ದರೆ ಈ ಇಲಿಗಳು ಮೇಧಾವಿಗಳಾಗಬೇಕಾಗಿದ್ದಿತು. ಹಾಗಾಗಲಿಲ್ಲ. ಕಲಿತುದನ್ನು ದೃಢಪಡಿಸಿ ಬಹುಕಾಲ ಧರಿಸುವ ಘಟ್ಟದಲ್ಲಿ ಅವು ಎಡವಿದುವು. ಗುರುಕುಲದಲ್ಲಿ ಗ್ರಹಣವನ್ನೂ ಧಾರಣವನ್ನೂ ಬೇರೆಬೇರೆ ಎಣಿಸುತ್ತಿದ್ದುದು ಇಲ್ಲಿ ನೆನಪಿಗೆ ಬರುತ್ತದೆ. ಹೇಳಿಕೊಟ್ಟಾಗ ಒಪ್ಪಿಸಿ ತಿಂಗಳು ಕಳೆದ ಮೇಲೆ ತಡವರಿಸುವ ವಿದ್ಯಾರ್ಥಿಯು ಪ್ರತಿಯೊಬ್ಬ ಉಪಾಧ್ಯಾಯನಿಗೂ ಪರಿಚಿತನು. ಬಲಿಯುವುದೂ ಸಡಿಲುವುದೂ ಎರಡೂ ಹದವಾಗಿರಬೇಕು. ಏನನ್ನು ಬರೆದರೂ ಅಳಿಸಲಾಗದ ಹಲಗೆಯು ಪಾಠಕ್ಕೆ ಬಾರದು.

೨೦೦೭ರ ಪ್ರಬಂಧವು ಇನ್ನೂ ಮುಂದೆ ಹೋಯಿತು. ಫ್ರಾಜೈಲ್ ಎಕ್ಸ್ ಎಂಬ ಒಂದು ವ್ಯಾಧಿಯುಂಟು. ವಂಶಪಾರಂಪರ್ಯದಿಂದ ಬರುವ ಬುದ್ಧಿಮಾಂದ್ಯಗಳಲ್ಲಿ ಇದು ಮುಖ್ಯವಾದುದು. ಎಕ್ಸ್ ವರ್ಣತಂತುವಿನ ಒಂದು ವಂಶವಾಹಿಯ ಆದಿಯಲ್ಲಿ ಸಿ, ಜಿ, ಜಿ ಎಂಬ ಮೂರು ರಾಸಾಯನಿಕ ಅಕ್ಷರಗಳು ಆವೃತ್ತಿಗೊಂಡಿರುತ್ತವೆ. ನಲವತ್ತು ನಲವತ್ತೈದರವರೆಗಿನ ಆವೃತ್ತಿಯು ನಿರ್ದೋಷ. ಇನ್ನೂರನ್ನು ಮೀರಿದರೆ ವಂಶವಾಹಿಯು ಮೂಕವಾಗಿ ಎಫ್.ಎಂ.ಆರ್.ಪಿ. ಎಂಬ ಪ್ರೋಟೀನು ಹುಟ್ಟುವುದೇ ಇಲ್ಲ. ಪುನರುಕ್ತಿಯು ಕಾವ್ಯಕ್ಕೆ ದೋಷವೆಂದು ಆಲಂಕಾರಿಕರು ಹೇಳಿದರು. ಅರ್ಥವನ್ನೇ ನುಂಗುವ ಪುನರುಕ್ತಿಯಿದು. ಈ ವಂಶವಾಹಿಯನ್ನು ೧೯೯೧ರಲ್ಲಿ ಗುರುತಿಸಿದರು, ೧೯೯೪ರಲ್ಲಿ ಅದನ್ನು ಲೋಪಗೊಳಿಸಿದ ಇಲಿಯು ಸಿದ್ಧವಾಯಿತು. ಆ ಇಲಿಯ ಹೊರಪದರದಲ್ಲಿ ಮುಳ್ಳುಗಳು ಹೆಚ್ಚು, ಸಣಕಲಾಗಿ ನೀಳ, ಪ್ರಬಲೀಕರಣವು ಕಡಮೆ. ಪ್ಯಾಕ್ ಕಿಣ್ವವು ಕುಗ್ಗಿದ ಇಲಿಯ ಲಕ್ಷಣಗಳಿಗೆ ಇವು ಸರಿಯಾಗಿ ಎದುರು. ಎರಡು ಬಗೆಯ ಇಲಿಗಳನ್ನೂ ಕೂಡಿಸಿ ಪಡೆದ ಸಂತತಿಯಲ್ಲಿ ಎರಡು ದೋಷಗಳೂ ಇದ್ದುವು. ಅವುಗಳ ಹೊರಪದರದ ಪ್ರಬಲೀಕರಣವು ಸ್ವಸ್ಥವಾದ ಇಲಿಗಳ ಮಟ್ಟಕ್ಕೆ ಬಂದಿತು; ಮುಳ್ಳುಗಳ ವಿಕಾರವು ಪೂರ್ಣವಾಗಿ ಅಲ್ಲದಿದ್ದರೂ ತಗ್ಗಿತು; ನಿಲ್ಲದ ಓಡಾಟ, ಒಂದೇ ಚೇಷ್ಟೆಯ ಪುನರಾವೃತ್ತಿ ಮುಂತಾದ ನಡೆವಳಿಯ ದೋಷಗಳೂ ಇಳಿದುವು. ಒಂದೊಂದಾಗಿ ಇದ್ದಾಗ ಕೆಡುಕನ್ನು ಮಾಡುವ ಎರಡು ಕುಂದುಗಳು ಕೂಡಿದಾಗ ಒಂದನ್ನೊಂದು ತೂಗಿದುವು. ಆರೋಗ್ಯವಂತ ಇಲಿಗೆ ಕಿಣ್ವದ ಕುಂದು ರೋಗ, ರೋಗಿಯಾದ ಇಲಿಗೆ ಅದೇ ಔಷಧ. ಆಯುರ್ವೇದವನ್ನು ಬಲ್ಲವರು ಇದಕ್ಕೆ ದೋಷಸಾಮ್ಯವೆಂಬ ಹೆಸರನ್ನು ಕೊಡಲು ಆತುರಪಡಬಹುದು. ಆ ಆತುರವು ಬೇಡ. ಇಲ್ಲಿ ತೂಗಿದುದು ವಾತಪಿತ್ತಗಳಲ್ಲ, ಎರಡು ನಿರ್ದಿಷ್ಟ ಪ್ರೋಟೀನುಗಳು; ಅವುಗಳಲ್ಲೊಂದು ಇನ್ನೊಂದಕ್ಕೆ ನೇರವಾಗಿ ಅಂಟಿಕೊಳ್ಳುತ್ತದೆಂಬುದನ್ನೂ ಅದೇ ಪ್ರಬಂಧದಲ್ಲಿ ತೋರಿಸಿದ್ದಾರೆ.

ಮಕ್ಕಳ ತಾಯಿತಂದೆಗಳಿಗೆ ಇದರಲ್ಲಿ ಮುಖ್ಯವಾದುದು ಕಾಲದ ಅಂಶ. ತಡೆಯುವ ವಂಶವಾಹಿಯು ಹುಟ್ಟಿದ ಕೆಲವು ವಾರಗಳ ಮೇಲೆ ಬಲಗೊಳ್ಳುವುದರಿಂದ, ವ್ಯಾಧಿಯ ಲಕ್ಷಣಗಳು ಕಂಡ ಬಳಿಕವೂ ಅವನ್ನು ಹಿಂದಿರುಗಿಸಬಹುದೆಂಬ ಆಸೆ ಹುಟ್ಟಿತು. ೨೦೧೩ರಲ್ಲಿ ವಂಶವಾಹಿಯ ಬದಲು ಪ್ಯಾಕನ್ನು ತಡೆಯುವ ಒಂದು ರಾಸಾಯನಿಕವನ್ನು ಬೆಳೆದ ಇಲಿಗಳಿಗೆ ಕೊಟ್ಟಾಗಲೂ ಕೆಲವು ಲಕ್ಷಣಗಳು ಇಳಿದುವು. ಆದರೆ ಇಲಿಯಿಂದ ಮನುಷ್ಯನಿಗೆ ಇರುವ ದೂರವನ್ನು ಇದೇ ವ್ಯಾಧಿಯ ಬೇರೊಂದು ಔಷಧದ ಪರೀಕ್ಷೆಯು ಅಳೆದು ತೋರಿಸಿತು. ಗ್ಲುಟಮೇಟಿನ ಒಂದು ಗ್ರಾಹಕವನ್ನು ತಡೆಯುವ ಮಾವೊಗ್ಲುರಾಂಟ್ ಎಂಬುದು ಇಲಿಗಳಲ್ಲಿ ಹಿತವನ್ನು ಮಾಡಿದ್ದಿತು. ತರುಣರಲ್ಲಿಯೂ ವಯಸ್ಕರಲ್ಲಿಯೂ ನಡೆದ ದೊಡ್ಡ ಪರೀಕ್ಷೆಗಳಲ್ಲಿ ಅದು ನಿಷ್ಫಲವಾಗಿ, ೨೦೧೪ರಲ್ಲಿ ಆ ಪ್ರಯತ್ನವನ್ನು ಕೈಬಿಟ್ಟರು. ವಯಸ್ಸು ಮೀರಿದವರಿಗೆ ಕೊಟ್ಟುದರಿಂದ ಹಾಗಾಯಿತೆಂದು ಕೆಲವರ ಅಭಿಪ್ರಾಯ. ಅಳತೆಯ ಭೇದವೂ ಅಲ್ಪವಲ್ಲ. ಇಲಿಯಲ್ಲಿ ಎಣಿಸಿದುದು ಮುಳ್ಳುಗಳನ್ನು, ಅಳೆದುದು ಸಂಧಿಯ ವಿದ್ಯುತ್ತನ್ನು. ಮನುಷ್ಯರಲ್ಲಿ ಮುಖ್ಯವಾಗಿ ಕೇಳಿದುದು, ರೋಗಿಯ ನಡೆವಳಿಯು ಹೇಗಿದೆಯೆಂದು ಅವನನ್ನು ನೋಡಿಕೊಳ್ಳುವವರು ತುಂಬಿದ ಪ್ರಶ್ನಾವಳಿಯನ್ನು.